ಸ್ಪೋರ್ಟ್ಸ್ ಐಟಂ ಏನ್ ಸಾರ್?

ತೂಕದ ಬೆಲ್ಟಿನ ಮೇಲೆ ಬ್ಯಾಗ್ ಇಟ್ಟೆ. ಕೆಂಪಕ್ಷರದಲ್ಲಿ 19.2 ಅಂತ ಬಂತು. ನನ್ನ ಟಿಕೆಟ್ಟಿಗೆ ಇದ್ದದ್ದು 15 ಕೆಜಿ. ಕೌಂಟರಿನ ಹುಡುಗಿ ಬ್ಯಾಗಿನ ಪಕ್ಕದಿಂದ ಹೊರಗೆ ಇಣುಕುತ್ತಿದ್ದ ಈಜುರೆಕ್ಕೆಯ ತುದಿ ನೋಡಿದಳು. ಅವಳು ಹಿಂದಿಯಲ್ಲಿ ಕೇಳಿದ್ದನ್ನು ನಮ್ಮ ಮಾತಿಗೆ ತಂದರೆ ಇಷ್ಟೇ: "ಸ್ಪೋರ್ಟ್ಸ್ ಐಟಂ ಏನ್ ಸಾರ್?"

ಹೌದು ಅಂದರೆ ಒಂದು ರೇಟು, ಅಲ್ಲ ಅಂದರೆ ಇನ್ನೊಂದು ರೇಟು ಇರಬಹುದು ಅಂತ ನನಗೆ ಅನುಮಾನ. ಯಾವುದು ಕಮ್ಮಿ ಅಂತ ಗೊತ್ತಿಲ್ಲ. ಇಂಟರ್ವ್ಯೂನಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದಾಗ ಮಾಡುವ ಹಾಗೆ ಸುಮ್ಮನೆ ನಕ್ಕೆ. ಅವಳು ಹೌದು ಅಂತ ಬರೆದುಕೊಂಡಳು. ಎರಡು ಸಾವಿರದ ಮೇಲೆ ದುಡ್ಡು ಕಟ್ಟಿದೆ.

ಇದು 2024ರ ಮೇ ತಿಂಗಳ ಮಾತು. ಅಂಡಮಾನಿನ ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣ. ಆ ಊರಿಗೆ ಈಗ ಶ್ರೀ ವಿಜಯಪುರಂ ಅಂತ ಹೆಸರಾಗಿದೆ. ಸ್ಕೂಬಾ ಕಲಿಯೋದಕ್ಕೆ ಹೋಗಿದ್ದೆ, ಬೆಂಗಳೂರಿಗೆ ವಾಪಸ್ ಬರ್ತಾ ಇದ್ದೆ. ಆ ಪ್ರಶ್ನೆ ಮಾತ್ರ ನನ್ನ ಜೊತೆ ಊರಿನವರೆಗೂ ಬಂತು. ಆಮೇಲೆ ಒಂದು ಭಾನುವಾರ ಕೂತು ವಿಮಾನ ಕಂಪನಿಗಳ ಲಗೇಜ್ ನಿಯಮಗಳನ್ನು ಒಂದು ಪುಸ್ತಕ ಓದೋ ಹಾಗೆ ಓದಿದೆ. ಯಾರೂ ಓದದ ಪುಸ್ತಕಕ್ಕೆ ಯಾರೂ ವಿಮರ್ಶೆ ಬರೆಯೋದಿಲ್ಲ. ಆದರೆ ವಿಮಾನ ಹತ್ತುವ ಪ್ರತಿಯೊಬ್ಬರೂ ಅದನ್ನು ಒಪ್ಪಿದ್ದೇವೆ ಅಂತ ಟಿಕ್ ಹಾಕಿರುತ್ತೇವೆ. ಅದಕ್ಕೇ ಈ ವಿಮರ್ಶೆ.

ಮೊದಲು ಬ್ಯಾಗಿನಲ್ಲಿ ಏನಿರುತ್ತೆ ಅಂತ ಹೇಳಿಬಿಡ್ತೀನಿ. ಗಾಳಿ ತುಂಬಿಸೋ ಜಾಕೆಟ್ಟು, ಅದನ್ನು ಬಿಸಿಡಿ ಅಂತಾರೆ, ಮೂರೂವರೆ ಕೆಜಿ. ಬಾಯಿಗೆ ಗಾಳಿ ಕೊಡೋ ರೆಗ್ಯುಲೇಟರು, ಕೊಳವೆಗಳ ಸಮೇತ ಸುಮಾರು ಮೂರು ಕೆಜಿ. ಈಜುರೆಕ್ಕೆ ಎರಡು, ರಬ್ಬರ್ ಸೂಟು ಎರಡು, ಬೂಟು ಒಂದು, ಮುಖವಾಡ, ಟಾರ್ಚು, ಸಣ್ಣಪುಟ್ಟದ್ದು ಸೇರಿ ಇನ್ನೊಂದು. ಖಾಲಿ ಬ್ಯಾಗೇ ಮೂರು ಕೆಜಿ. ಕೂಡಿಸಿದರೆ ಹದಿನೈದು ದಾಟಿತು. ಇನ್ನೂ ಒಂದು ಅಂಗಿ ಇಟ್ಟಿಲ್ಲ. ಸೊಂಟಕ್ಕೆ ಕಟ್ಟೋ ಸೀಸದ ತುಂಡು, ಬೆನ್ನಿಗೆ ಹಾಕೋ ಸಿಲಿಂಡರು ಯಾರೂ ಹೊತ್ತುಕೊಂಡು ಹೋಗೋದಿಲ್ಲ, ಅವು ಅಲ್ಲೇ ಬಾಡಿಗೆಗೆ ಸಿಗ್ತವೆ.

ಈಗ ನಿಯಮಕ್ಕೆ ಬರೋಣ. ಓದುತ್ತಾ ಹೋದ ಹಾಗೆ ನನಗೆ ಕಂಡಿದ್ದು ಏನಂದ್ರೆ, ಈ ಪುಟಗಳನ್ನು ಇಬ್ಬರು ಬರೆದಿದ್ದಾರೆ. ಒಬ್ಬ ಬೆಂಕಿ ನೋಡಿದವನು. ಇನ್ನೊಬ್ಬ ಕ್ಯಾಲ್ಕುಲೇಟರ್ ಹಿಡಿದವನು. ಇಬ್ಬರ ಮಾತೂ ಒಂದೇ ಪುಟದಲ್ಲಿ, ಒಂದೇ ಅಕ್ಷರದಲ್ಲಿ ಇರೋದರಿಂದ ನಮಗೆ ಯಾರ ಮಾತು ಯಾವುದು ಅಂತ ಗೊತ್ತಾಗೋದಿಲ್ಲ.

ಬೆಂಕಿ ನೋಡಿದವನ ಮಾತು ಮೊದಲು ಕೇಳೋಣ, ಯಾಕಂದ್ರೆ ಅವನು ಒಳ್ಳೆಯ ಬರಹಗಾರ. ಸಿಲಿಂಡರ್ ಬಗ್ಗೆ ಅವನು ಹೇಳೋದು: ಗಾಳಿ ತುಂಬಿದ್ದರೆ ಬೇಡ. ಖಾಲಿ ಇದ್ದರೂ ವಾಲ್ವ್ ಬಿಚ್ಚಿ, ಒಳಗೆ ಏನೂ ಇಲ್ಲ ಅಂತ ಕಣ್ಣಿಗೆ ಕಾಣೋ ಹಾಗಿರಬೇಕು. ಕಾರಿನ ಟೈರಿನಲ್ಲಿರೋ ಒತ್ತಡ ಎರಡು ಬಾರ್ ಆಸುಪಾಸು. ಡೈವಿಂಗ್ ಸಿಲಿಂಡರಿನಲ್ಲಿ ಸುಮಾರು 200 ಬಾರ್, ಅಂದರೆ ನೂರು ಪಟ್ಟು. ಅವನ ಮಾತಲ್ಲಿ ತಪ್ಪು ಹುಡುಕೋಕೆ ಆಗೋದಿಲ್ಲ. ಚಾಕು ಕೈಚೀಲದಲ್ಲಿ ಬೇಡ, ಕೆಳಗಿನ ಲಗೇಜಿನಲ್ಲಿ ಇರಲಿ ಅಂತಾನೆ. ಸರಿ.

ಬ್ಯಾಟರಿ ಬಗ್ಗೆ ಅವನ ಮಾತು ಇನ್ನೂ ಚೆಂದ. ಬಿಡಿ ಲಿಥಿಯಂ ಸೆಲ್ಲುಗಳು ಕೆಳಗಿನ ಲಗೇಜಿನಲ್ಲಿ ಬೇಡವೇ ಬೇಡ, ನಿಮ್ಮ ಜೊತೆ ಮೇಲೆ ಇರಲಿ. ಮೊದಲ ಸಲ ಓದಿದಾಗ ಉಲ್ಟಾ ಅನಿಸ್ತದೆ. ಬೆಂಕಿ ಹತ್ತೋ ವಸ್ತುವನ್ನು ಜನರ ಮಧ್ಯೆ ಯಾಕೆ ಇಡಬೇಕು? ಯಾಕಂದ್ರೆ ಮೇಲೆ ಹೊಗೆ ಬಂದರೆ ಯಾರಾದರೂ ನೋಡ್ತಾರೆ, ನೀರು ಹಾಕ್ತಾರೆ. ಕೆಳಗೆ ನೋಡೋರು ಯಾರು? 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್ ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ, ವಿಮಾನ ಬಿದ್ದು, ಇಬ್ಬರು ಪೈಲಟ್‌ಗಳು ಸತ್ತರು. 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನಗಳಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸೋದನ್ನೇ ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆ ನಿಲ್ಲಿಸಿತು. ಈ ನಿಯಮದ ಒಂದೊಂದು ಸಾಲಿನ ಹಿಂದೆ ಇಂಥದ್ದೊಂದು ಹೊಗೆ ಇದೆ.

ಅವನಿಗೆ ಡೈವಿಂಗ್ ಟಾರ್ಚ್ ಕೂಡ ಗೊತ್ತು! ನೀರೊಳಗಿನ ದೀಪ ನೀರಿನಿಂದಲೇ ತಣ್ಣಗಾಗುತ್ತೆ. ಬ್ಯಾಗಿನ ಬಟ್ಟೆಗಳ ಮಧ್ಯೆ ಅದು ತಾನಾಗೇ ಆನ್ ಆದರೆ ಬಟ್ಟೆ ಸುಡ್ತದೆ. ಅದಕ್ಕೇ ದೊಡ್ಡ ಟಾರ್ಚುಗಳ ಬ್ಯಾಟರಿ ಬೇರ್ಪಡಿಸಿ ಇಡಿ ಅಂತ ಬರೆದಿದ್ದಾನೆ. ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದವನು ಬರೆದ ಸಾಲು ಅದು.

ಅವನ ಒಂದೇ ದೋಷ ಅಂದ್ರೆ ಭಾಷೆ. ಮಿತಿ ಹೇಳೋದು ವ್ಯಾಟ್-ಅವರ್ ಲೆಕ್ಕದಲ್ಲಿ: 100ರವರೆಗೆ ಸರಿ, 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲ. ಆದರೆ ಸಣ್ಣ ಸೆಲ್ಲಿನ ಮೇಲೆ ಸಾಮಾನ್ಯವಾಗಿ ಬರೆದಿರೋದು ಮಿಲಿಆಂಪ್-ಅವರ್. ಲೆಕ್ಕ ಕಷ್ಟದ್ದಲ್ಲ. ನನ್ನ ಟಾರ್ಚಿನ ಸೆಲ್ 5000 ಮಿಲಿಆಂಪ್-ಅವರ್, 3.6 ವೋಲ್ಟ್. ಐದನ್ನು 3.6ರಿಂದ ಗುಣಿಸಿದರೆ 18 ವ್ಯಾಟ್-ಅವರ್. ನಿಮ್ಮ 20,000ದ ಪವರ್ ಬ್ಯಾಂಕು 74ರ ಹತ್ತಿರ ಬರ್ತದೆ. ನಾನು ಬಿಇ ಓದಿದವನು, ಗುಣಿಸಿಕೊಂಡೆ. ಬಿಇ ಓದದವನು ಏನು ಮಾಡಬೇಕು? ಕೌಂಟರಿನಲ್ಲಿ ಇಬ್ಬರೂ ಗುಣಿಸೋದಿಲ್ಲ. ಇಬ್ಬರೂ ಆ ಸೆಲ್ಲಿನ ಗಾತ್ರ ನೋಡಿ ಮುಖ ಮುಖ ನೋಡಿಕೊಳ್ತಾರೆ.

ಈಗ ಎರಡನೆಯವನು, ಕ್ಯಾಲ್ಕುಲೇಟರಿನವನು. ಅವನಿಗೆ ಅನ್ಯಾಯ ಮಾಡಬಾರದು. ವಿಮಾನದಲ್ಲಿ ತೂಕ ಅಂದರೆ ಇಂಧನ, ಅದು ಸುಳ್ಳಲ್ಲ. ನಮ್ಮ ಜಿಲ್ಲೆಯ ತೋರಣಗಲ್ಲಿನಂಥ ನಿಲ್ದಾಣಕ್ಕೆ ಬರೋ ಸಣ್ಣ ವಿಮಾನದಲ್ಲಿ ತೂಕದ ಲೆಕ್ಕ ಇನ್ನೂ ಬಿಗಿ. ಒಂದು ಬ್ಯಾಗು 32 ಕೆಜಿ ಮೀರಬಾರದು ಅನ್ನೋ ನಿಯಮ ಇದೆಯಲ್ಲ, ಅದು ಎತ್ತಿ ಹಾಕೋ ಕೆಲಸಗಾರನ ಬೆನ್ನಿಗಾಗಿ ಮಾಡಿದ್ದು. ನಮ್ಮ ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ 75 ಕೆಜಿ ಭತ್ತದ ಚೀಲ ಹೊರೋ ಹಮಾಲರನ್ನು ನೋಡಿ ಬೆಳೆದವನು ನಾನು. ಆ ಒಂದು ಸಾಲಿಗೆ ನಾನು ಎದ್ದು ನಿಂತು ನಮಸ್ಕಾರ ಮಾಡ್ತೀನಿ.

ಆದರೆ ಮಿಕ್ಕ ಸಾಲುಗಳು? "ಕ್ರೀಡಾ ಸಾಮಗ್ರಿಗಳನ್ನು ಲಭ್ಯತೆಗೆ ಒಳಪಟ್ಟು ಸ್ವೀಕರಿಸಬಹುದು", "ಶುಲ್ಕ ಅನ್ವಯಿಸಬಹುದು", "ಅಂತಿಮ ನಿರ್ಧಾರ ಸಿಬ್ಬಂದಿಯದು". ನಾನು ಓದಿದ ಪುಟಗಳ ಧಾಟಿ ಇದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಲ್ಲಾ ಕೇಸುಗಳನ್ನೂ ಬರೆಯದೆ ಕೊನೆಗೆ ಒಂದು ಡಿಫಾಲ್ಟ್ ಹಾಕಿ, ಅದರಲ್ಲಿ "ಕೌಂಟರಿನಲ್ಲಿ ವಿಚಾರಿಸಿ" ಅಂತ ಕೊಟ್ಟ ಹಾಗೆ. ನನ್ನ ಜೂನಿಯರ್ ಒಬ್ಬ ಇಂಥ ಕೋಡ್ ತಂದರೆ ನಾನು ವಾಪಸ್ ಕಳಿಸ್ತೀನಿ. ಬರಬಹುದು, ಇರಬಹುದು, ಅನ್ವಯಿಸಬಹುದು. ಈ "ಬಹುದು"ವಿನ ಭಾರ ಪೂರ್ತಿ ಬೀಳೋದು ಸರದಿಯಲ್ಲಿ ಹಿಂದೆ ನಲವತ್ತು ಜನ ನಿಂತಿರೋ ಪ್ರಯಾಣಿಕನ ಮೇಲೆ, ಮತ್ತೆ ಆ ಸಂಬಳದ ಹುಡುಗಿಯ ಮೇಲೆ.

ಸರ್ಕಾರ ಇದನ್ನು ಸರಿ ಮಾಡೋಕೆ ಒಮ್ಮೆ ಕೈ ಹಾಕಿತ್ತು. 2016ರಲ್ಲಿ ಡಿಜಿಸಿಎ, 15ರಿಂದ 20 ಕೆಜಿವರೆಗಿನ ಹೆಚ್ಚುವರಿ ತೂಕಕ್ಕೆ ಕೆಜಿಗೆ 100 ರೂಪಾಯಿಗಿಂತ ಜಾಸ್ತಿ ಕೇಳಬಾರದು ಅಂತ ಆದೇಶ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆ ಲೆಕ್ಕ ಇದ್ದಿದ್ದರೆ ನನ್ನ 4.2 ಕೆಜಿಗೆ 420 ರೂಪಾಯಿ ಆಗ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ನಿಯಮ ಒಂದು: ಬೆಲೆಬಾಳುವ, ಸೂಕ್ಷ್ಮ ವಸ್ತುಗಳನ್ನು ಕೆಳಗಿನ ಲಗೇಜಿಗೆ ಹಾಕಬೇಡಿ. ನಿಯಮ ಎರಡು: ಕೈಚೀಲ ಒಂದೇ, 7 ಕೆಜಿ. ರೆಗ್ಯುಲೇಟರು ಮೂರು ಕೆಜಿ, ಆಫೀಸಿನ ಲ್ಯಾಪ್‌ಟಾಪು ಚಾರ್ಜರ್ ಸಮೇತ ಎರಡೂವರೆ, ಖಾಲಿ ಚೀಲ ಒಂದು ಕೆಜಿ. ಡೈವ್ ಕಂಪ್ಯೂಟರು, ಕ್ಯಾಮೆರಾ, ಸೆಲ್ಲುಗಳು ಬಂದರೆ ಮುಗೀತು. ರೆಗ್ಯುಲೇಟರನ್ನು ಕೆಳಗೆ ಹಾಕಿದೆವು ಅಂತಿಟ್ಟುಕೊಳ್ಳಿ, ಬ್ಯಾಗು ಕಳೆದುಹೋಯಿತು. ದೇಶದೊಳಗಿನ ಪ್ರಯಾಣಕ್ಕೆ ಕಂಪನಿಯ ಹೊಣೆ ಗರಿಷ್ಠ 20,000 ರೂಪಾಯಿ. ಒಳ್ಳೆಯ ರೆಗ್ಯುಲೇಟರ್ ಒಂದಕ್ಕೇ ಅದಕ್ಕಿಂತ ಜಾಸ್ತಿ ಬೆಲೆ. ಒಂದೊಂದು ನಿಯಮವೂ ಬಿಡಿಯಾಗಿ ನೋಡಿದರೆ ಸರಿ. ಎರಡೂ ಸೇರಿದರೆ ದಾರಿ ಬಂದ್. ನಾವು ಇದಕ್ಕೆ ಡೆಡ್‌ಲಾಕ್ ಅಂತೀವಿ. ನಮ್ಮವ್ವ ಅನ್ನೋದು ಬೇರೆ: "ಅತ್ತ ದರಿ, ಇತ್ತ ಪುಲಿ."

ಇನ್ನು ಈ ಪುಟಗಳು ಹೇಳದೇ ಬಿಟ್ಟ ಮಾತು. ಡೈವ್ ಮಾಡಿದವನ ಅತಿ ಅಪಾಯದ ಲಗೇಜು ಬ್ಯಾಗಿನಲ್ಲಿಲ್ಲ, ಮೈಯಲ್ಲಿದೆ. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತ ಮಾಂಸಗಳಲ್ಲಿ ಕರಗಿ ಕೂತಿರುತ್ತೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲಿದ್ದಷ್ಟು ಇರ್ತದೆ. ಬೇಗ ಹತ್ತಿದರೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಒಳಗೆ ಗುಳ್ಳೆ ಏಳ್ತವೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವರೆಗೆ ಏನೂ ಆಗಬಹುದು. ಡೈವರುಗಳ ಸುರಕ್ಷತಾ ಸಂಸ್ಥೆ ಡಿಎಎನ್ ಹೇಳೋ ಲೆಕ್ಕ: ಒಂದೇ ಸಾಮಾನ್ಯ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ಹತ್ತಬೇಕು. ಡಿಕಂಪ್ರೆಶನ್ ಡೈವಿಗೆ ಇನ್ನೂ ಹೆಚ್ಚು. ನಮ್ಮ ಗುರುಗಳು 24 ಗಂಟೆ ಅಂದ್ರು, ನಾನು 24 ಬಿಟ್ಟೆ.

ಇದು ಅಂಡಮಾನಿನ ಮಾತು ಮಾತ್ರ ಅಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗೋ ನೇತ್ರಾಣಿ ದ್ವೀಪವನ್ನು ಪುನೀತ್ ಅವರ 'ಗಂಧದ ಗುಡಿ'ಯಲ್ಲಿ ನೋಡಿರ್ತೀರಿ. 2022ರಲ್ಲಿ ಆ ಚಿತ್ರ ಬಂದ ಮೇಲೆ ನನ್ನ ಆಫೀಸಿನಲ್ಲೇ ನಾಲ್ಕು ಜನ ಹೋಗಿಬಂದರು. ವಿಮಾನವೇ ಬೇಡ, ಮಧ್ಯಾಹ್ನ ನೀರಿನಿಂದ ಎದ್ದು ಸಂಜೆ ಕಾರು ಹತ್ತಿ ಘಟ್ಟ ಏರಿದರೂ ಎತ್ತರ ಎತ್ತರವೇ. ಎರಡು ಸಾವಿರ ಅಡಿ ಮೇಲೆ ಹೋದರೆ ಎಚ್ಚರ ಇರಲಿ ಅಂತ ಅದೇ ಲೆಕ್ಕ ಹೇಳ್ತದೆ. ಬೆಂಗಳೂರು ಇರೋದು ಮೂರು ಸಾವಿರ ಅಡಿಯ ಮೇಲೆ. ರೆಕ್ಕೆ ಇಟ್ಟ ಬ್ಯಾಗು ನೋಡಿ "ಸ್ಪೋರ್ಟ್ಸ್ ಐಟಂ ಏನು" ಅಂತ ಕೇಳೋರು, "ಕೊನೇ ಡೈವ್ ಯಾವಾಗ ಆಯ್ತು" ಅಂತ ಒಂದು ಮಾತು ಕೇಳಿದರೆ ಖರ್ಚೇನು? ಅದಕ್ಕೆ ಶುಲ್ಕ ಇಲ್ಲ ನೋಡಿ, ಅದಕ್ಕೇ ಕೇಳೋದಿಲ್ಲ ಅನಿಸ್ತದೆ.

ಈಗ ನನ್ನ ಬ್ಯಾಗಿನ ವಿಷಯ. ಅದರಲ್ಲಿ ನನ್ನ ಸಾಮಾನಿನ ಜೊತೆ ಇನ್ನೊಬ್ಬರ ಸಾಮಾನೂ ಇತ್ತು.

ನಮ್ಮೂರು ಕೆಂಚನಗುಡ್ಡ. ಸಿರುಗುಪ್ಪದ ಹತ್ತಿರ, ತುಂಗಭದ್ರೆಯ ದಡ. ಹಳೇ ಕೋಟೆ, ವಸುಧೇಂದ್ರ ತೀರ್ಥರ ಬೃಂದಾವನ, ಸುತ್ತ ಭತ್ತದ ಗದ್ದೆ. ಹೊಳೆ ಅಲ್ಲಿಂದ ಮುಂದೆ ಮಂತ್ರಾಲಯದ ಕಡೆ ಹೋಗ್ತದೆ. ನಾನು ಈಜು ಕಲಿತಿದ್ದು ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ನನ್ನ ಮೊದಲ ಬಿಸಿಡಿ ಅದೇ, ತೂಕ ಕಾಲು ಕೆಜಿ ಕೂಡ ಇರಲಿಲ್ಲ. ಕಲಿಸಿದವನು ನಮ್ಮ ದೊಡ್ಡಪ್ಪ, ಹರಿಗೋಲು ಹಾಕುವವನು. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಮೊದಲು ಕರೆ ಬರೋದು ಅವನಿಗೆ. ಪೊಲೀಸರು ಬರೋದರೊಳಗೆ ಅವನು ನೀರಿಗೆ ಇಳಿದಿರ್ತಾನೆ. ಮುಖವಾಡ ಇಲ್ಲ, ರೆಕ್ಕೆ ಇಲ್ಲ. ಕೈಯಲ್ಲಿ ತಡಕಿ ತಡಕಿ ಹುಡುಕೋದು. ಸಿಕ್ಕ ಮೇಲೆ ಮನೆಯವರ ಕೂಗು ಕೇಳಿಸಿಕೊಳ್ಳೋದೂ ಅವನೇ. ಅವನಿಗೆ ಈಗ ಅರವತ್ತು ದಾಟಿದೆ.

ಅಂಡಮಾನಿನಲ್ಲಿ ಸೀಸನ್ ಮುಗಿಯೋ ಹೊತ್ತಿಗೆ ಹಳೇ ಸಾಮಾನು ಕಮ್ಮಿ ದುಡ್ಡಿಗೆ ಸಿಕ್ತು. ಎರಡು ಮುಖವಾಡ, ಎರಡು ಜೊತೆ ರೆಕ್ಕೆ, ಒಂದು ಟಾರ್ಚು, ಅದಕ್ಕೆ ನಾಲ್ಕು ಬಿಡಿ ಸೆಲ್ಲು ತಗೊಂಡೆ. ಸಿಲಿಂಡರು, ರೆಗ್ಯುಲೇಟರು ಅವನಿಗೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ತರಬೇತಿ ಇಲ್ಲದೆ ಅದು ಉಪಕಾರ ಅಲ್ಲ, ಅಪಾಯ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಸಿಲಿಂಡರಿನ ಗಾಳಿ ಎಳೆದು ಉಸಿರು ಕಟ್ಟಿ ಮೇಲೆ ಬಂದರೆ ಪುಪ್ಪುಸವೇ ಹರಿದುಹೋಗಬಹುದು. ದಡದಲ್ಲಿ ರಾತ್ರಿ ಹುಡುಕೋದಕ್ಕೆ ಟಾರ್ಚು ಸಾಕು, ಅದಕ್ಕೆ ನೀರಿಗೆ ಬಿದ್ದರೂ ಏನೂ ಆಗೋದಿಲ್ಲ ಅಂತ ನನ್ನ ಲೆಕ್ಕ.

ಹೆಚ್ಚಾಗಿದ್ದ ನಾಲ್ಕು ಕೆಜಿ ಅದೇ. ಅದನ್ನೇ ಅವಳು ಕೇಳಿದ್ದು, ಸ್ಪೋರ್ಟ್ಸ್ ಐಟಂ ಏನ್ ಸಾರ್ ಅಂತ.

ಇಡೀ ನಿಯಮದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪದ ಅದೇ. "ಕ್ರೀಡೆ". ಗಾಲ್ಫ್ ಕೋಲು, ಸರ್ಫಿಂಗ್ ಹಲಗೆ, ಸೈಕಲ್ಲು, ಸ್ಕೂಬಾ, ಎಲ್ಲಾ ಒಂದೇ ಸಾಲಿನಲ್ಲಿ. ಈ ಸಾಲು ಬರೆದವನ ಕಣ್ಣ ಮುಂದೆ ಇರೋ ಡೈವರ್ ರಜೆಗೆ ಹೋಗೋ ಸುಖವಂತ. ಅದು ಪೂರ್ತಿ ಸುಳ್ಳೇನಲ್ಲ, ನಾನೂ ಹಾಗೇ ಹೋದವನು. ಆದರೆ ನಮ್ಮ ರಾಜ್ಯದಲ್ಲಿ ನೀರೊಳಗೆ ಇಳಿಯೋದು ಎಷ್ಟೋ ಸಲ ಆಟ ಅಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಗಂಗಾವಳಿಯ ಕೆಸರು ನೀರಿಗೆ ಇಳಿದು ಹುಡುಕಿದವರಲ್ಲಿ ಮಲ್ಪೆಯ ಈಶ್ವರ್ ಅವರ ತಂಡವೂ ಇತ್ತು. ಅಲ್ಲಿ ಹೂತಿದ್ದ ಲಾರಿ ಮೇಲೆ ಬಂದಿದ್ದು ಸೆಪ್ಟೆಂಬರ್ ಕೊನೆಗೆ. ಆ ಮುಖವಾಡ, ಆ ರೆಕ್ಕೆಗಳನ್ನು ಯಾವ ಕ್ರೀಡೆ ಅಂತ ಬರೆದುಕೊಳ್ಳೋದು? ವೈದ್ಯಕೀಯ ಸಲಕರಣೆಗೆ ನಿಯಮದಲ್ಲಿ ಬೇರೆ ಜಾಗ ಇದೆ, ಸಂಗೀತ ವಾದ್ಯಕ್ಕೂ ಇದೆ. ಹೆಣ ತೆಗೆಯೋನ ಸಾಮಾನಿಗೆ ಇಲ್ಲ.

ಈ ಮಾತಿಗೆ ನಮ್ಮ ಕೆಂಪು ಬಸ್ಸಿನ ನಿಯಮ ಹೋಲಿಸಿ ನೋಡಿ. ಬಸ್ಸಿನಲ್ಲಿ 30 ಕೆಜಿವರೆಗೆ ಲಗೇಜಿಗೆ ದುಡ್ಡಿಲ್ಲ. ಕೋಳಿಗೆ ಅರ್ಧ ಟಿಕೆಟ್ ಕೊಟ್ಟ ಸುದ್ದಿ ಓದಿ ನಾವೆಲ್ಲ ನಕ್ಕಿದ್ದೀವಿ. ಆದರೆ ಆ ನಿಯಮಕ್ಕೆ ಕೋಳಿ ಅಂದರೆ ಏನು, ಅದನ್ನು ಯಾರು ಯಾಕೆ ಒಯ್ತಾರೆ ಅಂತ ಗೊತ್ತು. ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸಿನಲ್ಲಿ ಅದೇ ಬ್ಯಾಗು ಕಂಡು ಕಂಡಕ್ಟರ್ ಕೇಳಿದ: "ಏನ್ರಿ ಅದು, ಪಂಪ್‌ಸೆಟ್ಟಾ?" ಅಲ್ಲ, ಹೊಳಿಗೆ ಇಳಿಯೋ ಸಾಮಾನು ಅಂದೆ. "ಯಾರರ ಹೋಗ್ಯಾರೇನು?" ಅಂದ, ದನಿ ಇಳಿಸಿ. ಇಲ್ಲ ಅಂದೆ. ಡ್ರೈವರ್ ಪಕ್ಕದ ಜಾಗಕ್ಕೆ ತಾನೇ ಎಳೆದು ಇಟ್ಟ. ಒಂದೇ ಬ್ಯಾಗು, ಎರಡು ಪ್ರಶ್ನೆ.

ವಿಮರ್ಶಕ ಅಂದಮೇಲೆ ತನ್ನ ತಪ್ಪನ್ನೂ ಬರೀಬೇಕು. ಪೋರ್ಟ್ ಬ್ಲೇರಿನಲ್ಲಿ ಆ ನಾಲ್ಕು ಸೆಲ್ಲುಗಳು ನನ್ನ ಕೈಚೀಲದ ಜೇಬಿನಲ್ಲಿದ್ದವು, ನಿಯಮದ ಪ್ರಕಾರವೇ. ಆದರೆ ಬೀಗದ ಕೈ, ಚಿಲ್ಲರೆ ಜೊತೆ ಬಿಡಿಬಿಡಿಯಾಗಿ ಬಿದ್ದಿದ್ದವು. ಎರಡು ತುದಿ ಒಂದಕ್ಕೊಂದು ತಾಗದ ಹಾಗೆ ಟೇಪು ಸುತ್ತಿ ಅಥವಾ ಡಬ್ಬಿಯಲ್ಲಿಟ್ಟು ತರಬೇಕಿತ್ತು. ತಪಾಸಣೆಯವರು ತೆಗೆದು ಪಕ್ಕಕ್ಕೆ ಇಟ್ಟುಬಿಟ್ಟರು. ಆ ಟೇಪಿನ ಸಾಲು ಬುಕಿಂಗ್ ಪುಟದಲ್ಲಿ ಇರಲಿಲ್ಲ, ಒಂದು ಕೊಂಡಿಯೊಳಗಿನ ಇನ್ನೊಂದು ಕೊಂಡಿಯಲ್ಲಿತ್ತು. ಶುಲ್ಕದ ಸಾಲು ಮಾತ್ರ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ಆದರೂ ಅವರು ಮಾಡಿದ್ದು ಸರಿ. ಬೆಂಕಿ ನೋಡಿದವನ ನಿಯಮ ಅದು, ಅದರ ಜೊತೆ ನನಗೆ ಜಗಳ ಇಲ್ಲ.

ಕೇಳೋದು ಇಷ್ಟೇ. ಆ ಇಬ್ಬರು ಬರಹಗಾರರನ್ನು ಎರಡು ಪುಟಕ್ಕೆ ಬೇರೆ ಮಾಡಿ. ಜೀವದ ನಿಯಮ ಮೊದಲ ಪುಟದಲ್ಲಿ, ನಮ್ಮ ನಮ್ಮ ಭಾಷೆಯಲ್ಲಿ, ಗುಣಾಕಾರ ನೀವೇ ಮಾಡಿ ಕೊಡಿ. ದುಡ್ಡಿನ ನಿಯಮದಲ್ಲಿ "ಬಹುದು" ತೆಗೆದು ಅಂಕಿ ಬರೀರಿ. ಡೈವ್ ಆಗಿ ಎಷ್ಟು ಗಂಟೆ ಆಯ್ತು ಅಂತ ಒಂದು ಸಾಲು ಸೇರಿಸಿ. ರಕ್ಷಣೆಯ ಸಾಮಾನಿಗೆ ಬೇರೆ ಹೆಸರು ಕೊಡಿ.

ಟಾರ್ಚು ಊರಿಗೆ ಬಂತು, ಸೆಲ್ಲಿಲ್ಲದೆ. ಆ ಅಳತೆಯ ಸೆಲ್ಲು ಸಿರುಗುಪ್ಪದಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಕಳಿಸ್ತೀನಿ ಅಂದಿದ್ದೆ. ಕೆಲಸದ ಗದ್ದಲದಲ್ಲಿ ಮರೆತೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತುಹೋಯಿತು. ಮರುದಿನ ಟಿವಿ ನೋಡಿ ಫೋನ್ ಮಾಡಿದೆ. ಹೊಳೆ ಯಾವಾಗ ಏರ್ತದೋ ಅಂತ ದೊಡ್ಡಪ್ಪ ದಡದಲ್ಲೇ ಇದ್ದ.

"ಬೆಳಕು ಐತೇನು?" ಅಂದೆ.

"ಮೊಬೈಲಿಂದು ಹಿಡ್ಕೊಂಡೀನಿ ಬಿಡು" ಅಂದ. ಟಾರ್ಚಿನ ಮಾತು ಅವನು ಎತ್ತಲಿಲ್ಲ.

ಮರುದಿನವೇ ನಾಲ್ಕು ಸೆಲ್ಲು ಕಳಿಸಿದೆ. ಡಬ್ಬಿಯಲ್ಲಿಟ್ಟು, ತುದಿಗೆ ಟೇಪು ಸುತ್ತಿ, ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಗೆಳೆಯನ ಕೈಯಲ್ಲಿ.